ರೀಲಿನಿಂದ ಕಾರ್ಡಿಗೆ: ನನ್ನ ಕ್ಯಾಮೆರಾ ಚೀಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಉಪನಯನ, ಗೃಹಪ್ರವೇಶ ಹೊಟ್ಟೆಪಾಡಿಗೆ. ಯಕ್ಷಗಾನ, ಮಳೆಗಾಲ ನನ್ನ ಖುಷಿಗೆ. 1986ರಲ್ಲಿ ಒಬ್ಬರ ಸ್ಟುಡಿಯೋದಲ್ಲಿ ಟ್ರೇ ತೊಳೆಯುವ ಹುಡುಗನಾಗಿ ಸೇರಿದವನು ನಾನು. 2005ರವರೆಗೆ ಫಿಲ್ಮ್‌ನಲ್ಲಿ ದುಡಿದೆ, ಅಲ್ಲಿಂದೀಚೆಗೆ ಡಿಜಿಟಲ್. ಮದುವೆಮನೆಯಲ್ಲಿ ಊಟಕ್ಕೆ ಪಕ್ಕ ಕೂತವರಿಂದ ಹಿಡಿದು ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರವರೆಗೆ ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಒಂದು ಸಲ ಬರೆದಿಟ್ಟರೆ ಮುಂದಿನ ಸಲ ಪಾಯಸ ಆರುವ ಮುಂಚೆ ಕುಡಿಯಬಹುದು ಅಂತ ಬರೆದಿದ್ದೇನೆ.

ಈಗ ಯಾವ ಕ್ಯಾಮೆರಾ ಇಟ್ಟುಕೊಂಡಿದ್ದೀರಿ?

ನಿಕಾನ್ ಡಿ750, ಎರಡು ಬಾಡಿ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ. ಒಂದನ್ನು 2015ರಲ್ಲಿ ಹೊಸದಾಗಿ ಕೊಂಡೆ, ಇನ್ನೊಂದು ಆಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಎರಡೂ ಒಂದೇ ಮಾಡೆಲ್ ಯಾಕೆ ಅಂದರೆ, ಕತ್ತಲಲ್ಲಿ ಬೆರಳು ಬಟನ್ ಹುಡುಕಬಾರದು. 24 ಮೆಗಾಪಿಕ್ಸೆಲ್, ಎರಡು ಕಾರ್ಡ್ ಹಾಕಲು ಜಾಗ. ಆ ಎರಡನೇ ಕಾರ್ಡಿನ ಜಾಗಕ್ಕಾಗಿಯೇ ಇದನ್ನು ಕೊಂಡದ್ದು. ಯಾಕೆ ಅಂತ ಕೆಳಗೆ ಹಾರ್ಡ್ ಡಿಸ್ಕ್ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.

ಲೆನ್ಸ್ ನಾಲ್ಕು. 24-70 ಝೂಮ್, 85 ಎಂಎಂ, ತೀರಾ ಹತ್ತಿರದಿಂದ ತೆಗೆಯಲು 60 ಎಂಎಂ ಮ್ಯಾಕ್ರೋ, ಮತ್ತೆ ಫಿಲ್ಮ್ ಕಾಲದ 105 ಎಂಎಂ ಎಫ್ 2.5. ಕೊನೆಯದಕ್ಕೆ ಆಟೋ ಫೋಕಸ್ ಇಲ್ಲ. ವಯಸ್ಸಾದವರ ಮುಖ ತೆಗೆಯಲು ನನ್ನ ಹತ್ತಿರ ಅದಕ್ಕಿಂತ ಒಳ್ಳೆಯ ಲೆನ್ಸ್ ಇನ್ನೊಂದಿಲ್ಲ.

ಶುರು ಮಾಡಿದ್ದು ಯಾವುದರಲ್ಲಿ?

ಸೋದರಮಾವನ ಅಗ್ಫಾ ಕ್ಲಿಕ್ 3. ಕಪ್ಪು ಡಬ್ಬಿ. 120 ರೀಲು ಹಾಕಿದರೆ 12 ಚೌಕ ಫೋಟೋ ಬರುತ್ತಿತ್ತು. ಹಿಂದೆ ಒಂದು ಕೆಂಪು ಕಿಂಡಿ, ಅದರಲ್ಲಿ ನಂಬರ್ ಕಾಣುವವರೆಗೆ ಗುಬ್ಬಿ ತಿರುಗಿಸಬೇಕು. ಫೋಕಸ್ ಮಾಡುವ ಗೋಜೇ ಇಲ್ಲ. ಮಾವ ಚೌತಿಗೆ ರೀಲು ಹಾಕಿದರೆ ಅದು ಮುಗಿಯುತ್ತಿದ್ದದ್ದು ಮುಂದಿನ ಚೌತಿಗೆ. ಹನ್ನೆರಡು ಫೋಟೋದಲ್ಲಿ ಇಡೀ ವರ್ಷ.

ಸ್ಟುಡಿಯೋಕ್ಕೆ ಸೇರಿದ ಮೇಲೆ ಕೈಗೆ ಬಂದದ್ದು ಯಾಶಿಕಾ, ಎರಡು ಕಣ್ಣಿನದು. ಹೊಟ್ಟೆಯ ಹತ್ತಿರ ಹಿಡಿದು ಮೇಲಿಂದ ಗಾಜಿನಲ್ಲಿ ಬಗ್ಗಿ ನೋಡಬೇಕು. ಅದರಲ್ಲಿ ಎಡ ಬಲ ಉಲ್ಟಾ. ವರ ಎಡಕ್ಕೆ ಸರಿದರೆ ಗಾಜಿನಲ್ಲಿ ಬಲಕ್ಕೆ ಹೋಗುತ್ತಾನೆ. ಆರು ತಿಂಗಳು ನಾನು ಎಲ್ಲರನ್ನೂ ತಪ್ಪು ಕಡೆಗೇ ಸರಿಸಿದೆ.

ನಿಕಾನ್ ಎಫ್‌ಎಂ2 ಬಗ್ಗೆ ಅಷ್ಟು ಹೇಳುತ್ತೀರಲ್ಲ, ಏನಿದೆ ಅದರಲ್ಲಿ?

ಏನೂ ಇಲ್ಲ, ಅದೇ ಅದರ ಗುಣ. 1982ರಲ್ಲಿ ಬಂದ ಕ್ಯಾಮೆರಾ. ಆಗಲೇ ಶಟರ್ ಸೆಕೆಂಡಿನ 4000ನೇ ಒಂದು ಭಾಗದವರೆಗೆ ಹೋಗುತ್ತಿತ್ತು. ಪೂರ್ತಿ ಗಿಯರ್, ಸ್ಪ್ರಿಂಗ್ ಮೇಲೆ ನಡೆಯುವ ಯಂತ್ರ. ಬಟನ್ನಿನಂಥ ಎರಡು ಸೆಲ್ ಹಾಕಿದರೆ ಬೆಳಕು ಅಳೆಯುವ ಮೀಟರ್ ನಡೆಯುತ್ತದೆ. ಸೆಲ್ ಮುಗಿದರೆ ಮೀಟರ್ ಮಾತ್ರ ನಿಲ್ಲುತ್ತದೆ, ಕ್ಯಾಮೆರಾ ನಿಲ್ಲುವುದಿಲ್ಲ. ಆಷಾಢದ ಮಳೆಯಲ್ಲಿ ಮೂರು ದಿನ ಕರೆಂಟ್ ಇಲ್ಲದ ಊರಿನವನಿಗೆ ಇದಕ್ಕಿಂತ ಇನ್ನೇನು ಬೇಕು?

ನಾನು ಕೊಂಡದ್ದು 1990ರಲ್ಲಿ, ಬೆಂಗಳೂರಿನಲ್ಲಿ, ಸೆಕೆಂಡ್ ಹ್ಯಾಂಡ್. ಒಂದು ಸಲ ಅಡಿಕೆ ದೊಬ್ಬೆಯ (ಸೀಳಿದ ಅಡಿಕೆ ಮರದ) ಸಂಕ ದಾಟುವಾಗ ಕಾಲು ಜಾರಿ ಕ್ಯಾಮೆರಾ ಸಮೇತ ತೋಟದ ಕಾಲುವೆಯೊಳಗೆ ಬಿದ್ದಿದ್ದೇನೆ. ಕ್ಯಾಮೆರಾದ ಮೂಲೆ ಸ್ವಲ್ಪ ನೆಗ್ಗಿತು. ನನ್ನ ಮಂಡಿ ಇವತ್ತಿಗೂ ನೋಯುತ್ತದೆ.

ರೀಲಿನ ಕಾಲದಲ್ಲಿ ನೀವು ಮಾಡಿದ ದೊಡ್ಡ ತಪ್ಪು ಯಾವುದು?

ಇದನ್ನು ಕೇಳಿ ಖುಷಿ ಪಡುವವರು ಜಾಸ್ತಿ.

1993ರ ಒಂದು ಮದುವೆ. ಅಂತರಪಟ ಹಿಡಿದಿದ್ದಾರೆ. ಇನ್ನೇನು ಕೆಳಗಿಳಿಸುತ್ತಾರೆ, ಜೀರಿಗೆ ಬೆಲ್ಲ ತಲೆ ಮೇಲೆ ಇಡುತ್ತಾರೆ ಅನ್ನುವ ಹೊತ್ತಿಗೆ ರೀಲು ಖಾಲಿ. ಭಟ್ಟರಿಗೆ ಕೈಸನ್ನೆ ಮಾಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಮುಹೂರ್ತ ನನ್ನ ರೀಲಿಗೆ ಕಾಯುತ್ತದೆಯೇ? ಗಡಿಬಿಡಿಯಲ್ಲಿ ಹೊಸ ರೀಲು ಹಾಕಿ, ಮುಚ್ಚಳ ಮುಚ್ಚಿ, ಟಕಟಕ ಹೊಡೆಯಲು ಶುರು ಮಾಡಿದೆ. ಮಾಂಗಲ್ಯ, ಧಾರೆ, ಸಪ್ತಪದಿ ಎಲ್ಲ ಆಯಿತು. ಕೌಂಟರ್ 36 ದಾಟಿತು, 38 ಆಯಿತು, 40 ಆಯಿತು. ಆಗ ಹೊಟ್ಟೆಯಲ್ಲಿ ತಣ್ಣಗಾಯಿತು. ರೀಲಿನ ತುದಿ ಆ ಕಡೆಯ ಸ್ಪೂಲ್‌ಗೆ ಸಿಕ್ಕಿಕೊಂಡಿರಲೇ ಇಲ್ಲ. ಒಂದೇ ಒಂದು ಫ್ರೇಮ್ ಕೂಡ ಸರಿದಿರಲಿಲ್ಲ.

ನಾನು ಓಡಿ ಹೋಗಿ ವಧುವಿನ ತಂದೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, “ಊಟ ಆದ ಮೇಲೆ ಇನ್ನೊಂದು ಸಲ ಕೂರಿಸ್ತೇನೆ, ಯಾರಿಗೂ ಹೇಳಬೇಡ” ಅಂದರು. ಆ ಆಲ್ಬಮ್ಮಿನಲ್ಲಿ ಧಾರೆಯ ಫೋಟೋದಲ್ಲಿ ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಬಾಯಿ ಕೆಂಪಗೆ ಮಾಡಿಕೊಂಡಿದ್ದಾರೆ. ಇವತ್ತಿನವರೆಗೆ ಯಾರೂ ಅದನ್ನು ಗಮನಿಸಿಲ್ಲ.

ಈಗ ಫಿಲ್ಮ್ ಕಲಿಯುವವರಿಗೆ ಇದರಲ್ಲಿ ಒಂದು ಉಪಯೋಗದ ಮಾತಿದೆ. ರೀಲು ಹಾಕಿ, ರೀವೈಂಡ್ ಗುಬ್ಬಿಯನ್ನು ಮೆಲ್ಲಗೆ ಬಿಗಿ ಮಾಡಿಕೊಳ್ಳಿ. ಆಮೇಲೆ ಪ್ರತಿ ಸಲ ಲಿವರ್ ಎಳೆದಾಗಲೂ ಆ ಗುಬ್ಬಿ ತಿರುಗುತ್ತದಾ ನೋಡಿ. ತಿರುಗದಿದ್ದರೆ ರೀಲು ಸರಿಯುತ್ತಿಲ್ಲ ಅಂತಲೇ ಅರ್ಥ.

ಡಿಜಿಟಲ್‌ಗೆ ಯಾವಾಗ ಬಂದಿರಿ? ಯಾಕೆ?

2005ರಲ್ಲಿ, ನಿಕಾನ್ ಡಿ70 ಕೊಂಡು. 6 ಮೆಗಾಪಿಕ್ಸೆಲ್, 512 ಎಂಬಿಯ ಒಂದು ಕಾರ್ಡ್. ಮನಸ್ಸಿಲ್ಲದ ಮನಸ್ಸಿನಿಂದ ಬಂದವನು ನಾನು. ಗಿರಾಕಿಗಳು ಕೇಳಲು ಶುರು ಮಾಡಿದ್ದರು. “ನಿಮ್ಮದು ಡಿಜಿಟಲ್ಲಾ?” ಅಂತ. ಅಲ್ಲ ಅಂದರೆ ಪಕ್ಕದ ಬೀದಿಗೆ ಹೋಗುತ್ತಿದ್ದರು. ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕರಿಜ್ಮಾ ಆಲ್ಬಮ್ ಬಂದ ಮೇಲಂತೂ ಮುಗಿದೇ ಹೋಯಿತು. ವಧು ವರರ ಹಿಂದೆ ತಾಜಮಹಲ್ ಹಾಕಿ ಕೊಡುವವರ ಮುಂದೆ ನಮ್ಮ ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟು ಬಡವನ ಹಾಗೆ ಕಾಣುತ್ತಿತ್ತು.

ಒಂದು ತಮಾಷೆ ಆಮೇಲೆ ಗೊತ್ತಾಯಿತು. ಆ ಹೊತ್ತಿಗಾಗಲೇ ಕಲರ್ ಲ್ಯಾಬ್‌ಗಳಿಗೆ ಫ್ರಾಂಟಿಯರ್, ನೊರಿತ್ಸು ಮಿಷನ್‌ಗಳು ಬಂದಿದ್ದವು. ಅವು ನೆಗೆಟಿವ್ ಅನ್ನು ಸ್ಕ್ಯಾನ್ ಮಾಡಿ, ಆ ಫೈಲಿನಿಂದ ಲೇಸರ್‌ನಲ್ಲಿ ಪೇಪರ್ ಮೇಲೆ ಪ್ರಿಂಟ್ ಹಾಕುತ್ತಿದ್ದವು. ಅಂದರೆ ನಾನು ರೀಲು ಕೊಟ್ಟು “ಇದು ಅಸಲಿ ಫಿಲ್ಮ್ ಪ್ರಿಂಟ್” ಅಂತ ಜಂಬ ಪಡುತ್ತಿದ್ದ ಕೊನೆಯ ವರ್ಷಗಳ ಫೋಟೋಗಳೆಲ್ಲ ಅರ್ಧ ದಾರಿಯಲ್ಲಿ ಡಿಜಿಟಲ್ ಆಗಿಯೇ ಬಂದವು. ನನ್ನ ಕ್ಯಾಮೆರಾಕ್ಕಿಂತ ಮೊದಲು ನನ್ನ ಲ್ಯಾಬ್ ಬದಲಾಗಿತ್ತು.

ಮೊದಲ ಡಿಜಿಟಲ್ ಮದುವೆ ಹೇಗಿತ್ತು?

ವರನ ಪಂಚೆ ಹೋಯಿತು! ಬಿಳಿ ಪಂಚೆ, ಬಿಳಿ ಶಲ್ಯ, ಚಪ್ಪರದ ಸಂದಿಯಿಂದ ಬೀಳುವ ಬಿಸಿಲು. ಕಂಪ್ಯೂಟರಿನಲ್ಲಿ ನೋಡಿದರೆ ಪಂಚೆಯ ಮಡಿಕೆ, ನೂಲು, ನೆರಿಗೆ ಏನೂ ಇಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಒಂದು ಬಿಳಿ ತೇಪೆ.

ಕಾರಣ ಇಷ್ಟೇ. ಕಲರ್ ನೆಗೆಟಿವ್‌ಗೆ ಬೆಳಕು ಜಾಸ್ತಿ ಬಿದ್ದರೆ ಅದು ತಡೆದುಕೊಳ್ಳುತ್ತದೆ, ಪ್ರಿಂಟ್ ಹಾಕುವಾಗ ಸರಿ ಮಾಡಬಹುದು. ಅದಕ್ಕೇ ನಾವು ಹಳಬರು ಒಂದು ಸ್ಟಾಪ್, ಅಂದರೆ ಎರಡರಷ್ಟು ಬೆಳಕು, ಜಾಸ್ತಿಯೇ ಕೊಟ್ಟು ರೂಢಿ. ಡಿಜಿಟಲ್ ಹಾಗಲ್ಲ. ಬಿಳಿ ಒಂದು ಸಲ ಹೋದರೆ ಹೋಯಿತು, ಎಳೆದು ತರಲು ಅಲ್ಲಿ ಏನೂ ಉಳಿದಿರುವುದಿಲ್ಲ. ನೆರಳಿನಲ್ಲಿ ಮಾತ್ರ ಎಷ್ಟೋ ಬಚ್ಚಿಟ್ಟುಕೊಂಡಿರುತ್ತದೆ. ಬಿಳಿ ಹೀಗೆ ಹೋಗುವುದು, ನೆಗೆಟಿವ್ ಇಲ್ಲದೆ ನೇರ ಚಿತ್ರವೇ ಬರುವ ಸ್ಲೈಡ್ ಫಿಲ್ಮ್‌ನ ಸ್ವಭಾವ. ಸ್ಲೈಡ್ ತೆಗೆದು ರೂಢಿ ಇದ್ದವರು ಡಿಜಿಟಲ್‌ಗೆ ಒಂದೇ ವಾರದಲ್ಲಿ ಹೊಂದಿಕೊಂಡರು. ಬರೀ ಮದುವೆ ನೆಗೆಟಿವ್ ತೆಗೆದ ನನ್ನಂಥವರಿಗೆ ಒಂದು ವರ್ಷ ಬೇಕಾಯಿತು. ಈಗಲೂ ನಾನು ಮೊದಲು ಪಂಚೆಯ ಬೆಳಕು ನೋಡುತ್ತೇನೆ, ಆಮೇಲೆ ಮುಖ.

ಹಳೇ ಲೆನ್ಸ್ ಹೊಸ ಕ್ಯಾಮೆರಾಕ್ಕೆ ಕೂರುತ್ತಾ?

ನಿಕಾನ್‌ನವರ ಎಫ್ ಮೌಂಟ್, ಅಂದರೆ ಲೆನ್ಸ್ ಕೂರುವ ಬಾಯಿ, 1959ರಿಂದ ಬಂದದ್ದು. ಹಾಗಾಗಿ ಬಹುತೇಕ ಕೂರುತ್ತದೆ. ಆದರೆ ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ.

1977ಕ್ಕೆ ಮುಂಚಿನ, ಎಐ (ಆಟೋಮ್ಯಾಟಿಕ್ ಇಂಡೆಕ್ಸಿಂಗ್) ಅಲ್ಲದ ಲೆನ್ಸ್ ಇದ್ದರೆ ಡಿ750ಯಂಥ ಕ್ಯಾಮೆರಾಕ್ಕೆ ಹಾಕಲೇಬೇಡಿ. ಮೌಂಟಿನ ಅಂಚಿನಲ್ಲಿ ಒಂದು ಸಣ್ಣ ಲಿವರ್ ಇರುತ್ತದೆ, ಅದು ಮುರಿಯಬಹುದು. ಎಐ ಲೆನ್ಸ್ ಆದರೆ ಡಿ750 ಮೆನುವಿನಲ್ಲಿ ಎಷ್ಟು ಎಂಎಂ, ಎಷ್ಟು ಎಫ್ ಅಂತ ಬರೆದುಕೊಟ್ಟರೆ ಮೀಟರ್ ಸರಿಯಾಗಿ ನಡೆಯುತ್ತದೆ. ಡಿ70ಯಲ್ಲಿ ನನಗೆ ಆ ಭಾಗ್ಯ ಇರಲಿಲ್ಲ. 105 ಹಾಕಿದ ಕೂಡಲೇ ಮೀಟರ್ ಸತ್ತೇ ಹೋಗುತ್ತಿತ್ತು. ಅಂದಾಜಿನ ಮೇಲೆ ತೆಗೆಯುವುದು, ಹಿಂದೆ ನೋಡುವುದು, ಸರಿ ಮಾಡುವುದು. ನಿಜ ಹೇಳಬೇಕೆಂದರೆ ಅದರಿಂದ ನಷ್ಟ ಆಗಲಿಲ್ಲ. ಬಿಸಿಲಲ್ಲಿ ಎಫ್ 16 ಇಟ್ಟು, ಬೆಳಕು ಹಿಡಿಯುವ ವೇಗ ಹೇಳುವ ಐಎಸ್‌ಒ ಎಷ್ಟಿದೆಯೋ ಸೆಕೆಂಡಿನ ಅಷ್ಟನೇ ಒಂದು ಭಾಗ ಶಟರ್ ಕೊಡುವ ಹಳೇ ಲೆಕ್ಕ ತಲೆಯಲ್ಲಿತ್ತು.

ಇನ್ನೊಂದು ವಿಷಯ. ಡಿ70ಯ ಸೆನ್ಸರ್ ಫಿಲ್ಮ್ ಫ್ರೇಮಿಗಿಂತ ಚಿಕ್ಕದು. ಒಂದೂವರೆಯಿಂದ ಗುಣಿಸಬೇಕು. ನನ್ನ 28 ಎಂಎಂ ಹೋಗಿ 42 ಆಯಿತು, ಫೋಟೋದಲ್ಲಿ ಹಿಡಿಯುವ ಜಾಗ ಕಿರಿದಾಯಿತು. ಸಣ್ಣ ಜಗುಲಿಯಲ್ಲಿ ಇಡೀ ಕುಟುಂಬ ಕೂರಿಸಿ ತೆಗೆಯುವವನಿಗೆ ಇದು ಬಹಳ ದೊಡ್ಡ ಪೆಟ್ಟು. ಹಿಂದೆ ಹಿಂದೆ ಸರಿದು ತುಳಸಿಕಟ್ಟೆ ದಾಟಿ ಅಂಗಳದ ತುದಿಗೆ ಹೋಗುತ್ತಿದ್ದೆ. ಡಿ750 ಫುಲ್ ಫ್ರೇಮ್, ಅಂದರೆ ಸೆನ್ಸರ್ ಫಿಲ್ಮ್ ಫ್ರೇಮಿನಷ್ಟೇ ದೊಡ್ಡದು ಆದ್ದರಿಂದ 28 ಮತ್ತೆ 28 ಆಯಿತು.

ಅಪ್ಪನ ಕಾಲದ ಫ್ಲ್ಯಾಶ್ ಇದೆ. ಹಾಕಬಹುದಾ?

ಅಳೆಯದೆ ಬೇಡ. ವಿವಿಟಾರ್ 283 ನಮ್ಮ ಕಡೆ ಮದುವೆ ಫೋಟೋಗ್ರಾಫರ್‌ಗಳ ಎತ್ತು ಇದ್ದ ಹಾಗೆ, ಅಷ್ಟು ದುಡಿದಿದೆ. ಆದರೆ ಅದರ ಕೆಲವು ಹಳೇ ಪೀಸುಗಳಲ್ಲಿ ಟ್ರಿಗರ್ ವೋಲ್ಟೇಜ್, ಅಂದರೆ ಫ್ಲ್ಯಾಶ್‌ನಿಂದ ಕ್ಯಾಮೆರಾಕ್ಕೆ ತಗಲುವ ವೋಲ್ಟೇಜ್, 200 ದಾಟುತ್ತದೆ. ಗಿಯರ್ ಮೇಲೆ ನಡೆಯುವ ಕ್ಯಾಮೆರಾಕ್ಕೆ ಅದು ಲೆಕ್ಕಕ್ಕಿಲ್ಲ. ಎಲೆಕ್ಟ್ರಾನಿಕ್ ಕ್ಯಾಮೆರಾದ ಸರ್ಕ್ಯೂಟ್ ಸುಡಬಹುದು, ಕೆಲವು ಬಾಡಿಗಳು 6 ವೋಲ್ಟ್‌ಗಿಂತ ಜಾಸ್ತಿ ತಡೆಯುವುದೇ ಇಲ್ಲ. ಫ್ಲ್ಯಾಶ್ ಚಾರ್ಜ್ ಮಾಡಿ, ಬುಡದ ನಡುವಿನ ಪಿನ್ನಿಗೂ ಪಕ್ಕದ ಲೋಹಕ್ಕೂ ಮಲ್ಟಿಮೀಟರ್ ಹಿಡಿದು ನೋಡಿ. ಟಿವಿ ರಿಪೇರಿಯವರ ಹತ್ತಿರ ಹೋದರೆ ಎರಡು ನಿಮಿಷದ ಕೆಲಸ.

ಯಕ್ಷಗಾನ ಫೋಟೋಗೆ ಯಾವ ಸೆಟ್ಟಿಂಗ್?

ಫಿಲ್ಮ್ ಡಿಜಿಟಲ್ ಆಗಿದ್ದಕ್ಕೆ ನಾನು ಕೈ ಮುಗಿಯುವ ಒಂದೇ ಜಾಗ ರಂಗಸ್ಥಳ.

ಆಗಿನ ಕಥೆ ಹೇಳುತ್ತೇನೆ. ಕಪ್ಪು ಬಿಳುಪಿನ ಟ್ರೈ-ಎಕ್ಸ್ 400 ಫಿಲ್ಮ್ ಹಾಕಿ, ಅದನ್ನು 1600 ಅಂತ ಅಂದುಕೊಂಡು ತೆಗೆದು, ಡೆವಲಪ್ ಮಾಡುವಾಗ ಜಾಸ್ತಿ ಹೊತ್ತು ಇಡುವುದು. ಇದಕ್ಕೆ ಪುಶ್ ಮಾಡುವುದು ಅನ್ನುತ್ತಾರೆ. ಅಷ್ಟಾದರೂ ಬಯಲಾಟದ ಬೆಳಕಿಗೆ 1/60 ಸೆಕೆಂಡ್ ಸಿಕ್ಕರೆ ಪುಣ್ಯ. ಅದರಲ್ಲಿ ದಿಗಿಣ ಹಾಕುವವನನ್ನು ಹಿಡಿಯುವುದು ಹೇಗೆ? ಕುಣಿತದಲ್ಲಿ ಒಂದು ಗಳಿಗೆ ನಿಲ್ಲುವ ಜಾಗ ಇರುತ್ತದೆ. ಹಾರಿ ತುದಿ ಮುಟ್ಟಿದಾಗ ಒಂದು, ಚಂಡೆಯ ಮುಕ್ತಾಯದ ಪೆಟ್ಟಿಗೆ ಒಂದು. ಅದಕ್ಕೆ ಕಿವಿ ಕೊಟ್ಟು ಕೂರಬೇಕಿತ್ತು. ಚಂಡೆ ಕೇಳಿಸಿಕೊಂಡು ಬಟನ್ ಒತ್ತುವುದನ್ನು ನಾನು ಕಲಿತದ್ದು ಹಾಗೆ. ಕಣ್ಣಿಗಿಂತ ಕಿವಿಯ ಕೆಲಸವೇ ಜಾಸ್ತಿ. ರಾತ್ರಿಯಿಡೀ ಕೂತು ಎರಡು ರೀಲು, ಅದರಲ್ಲಿ ಮೂರು ಫೋಟೋ ಒಳ್ಳೆಯದು ಬಂದರೆ ಮರುದಿನ ನಿದ್ದೆ ಚೆನ್ನಾಗಿ ಬರುತ್ತಿತ್ತು. ಕಲರ್ ಫಿಲ್ಮ್ ಹಾಕಿದರೆ ಹ್ಯಾಲೊಜನ್ ಬಲ್ಬಿಗೆ ಎಲ್ಲ ವೇಷವೂ ಕಿತ್ತಳೆ.

ಈಗ: ಮ್ಯಾನ್ಯುಯಲ್ ಮೋಡ್, ಐಎಸ್‌ಒ 3200ರಿಂದ 6400, 85 ಎಂಎಂ ಎಫ್ 2.2, 1/500 ಸೆಕೆಂಡ್. ಕಿರೀಟದ ಕನ್ನಡಿ ಚೂರುಗಳು ಬೆಳಕಿಗೆ ಹೊಳೆದು ಆಟೋ ಮೀಟರ್ ಅನ್ನು ಮೋಸ ಮಾಡುತ್ತವೆ, ಅದಕ್ಕೇ ಮ್ಯಾನ್ಯುಯಲ್. ವೈಟ್ ಬ್ಯಾಲೆನ್ಸ್, ಅಂದರೆ ಬಲ್ಬಿನ ಬಣ್ಣದ ಛಾಯೆ, ಆಮೇಲೆ ಸರಿ ಮಾಡಿಕೊಳ್ಳಬಹುದು. ಫ್ಲ್ಯಾಶ್ ಹೊಡೆಯಬೇಡಿ. ಕಲಾವಿದರ ಕಣ್ಣಿಗೆ ಕತ್ತಲೆ ಕಟ್ಟುತ್ತದೆ, ಹಿಂದೆ ಕೂತ ಅಜ್ಜಂದಿರು ಬೈಯುತ್ತಾರೆ. ಎರಡೂ ನ್ಯಾಯ.

ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಮನೆಯಲ್ಲಿ, ತೆಗೆಯುವುದಾದರೆ ಮೊದಲು ಕೇಳಿ. ಬಣ್ಣದ ವೇಷದವರು ಮುಖಕ್ಕೆ ಚಿಟ್ಟಿ (ಅಕ್ಕಿಹಿಟ್ಟಿನ ಚುಕ್ಕಿ) ಇಡುವ ಹೊತ್ತಿಗೆ ಮೈ ಮೇಲೆ ಹೋಗಿ ನಿಲ್ಲಬಾರದು.

ಡಿಜಿಟಲ್ ಅಂದ್ರೆ ಖರ್ಚೇ ಇಲ್ಲ, ಅಲ್ವಾ?

ಇದನ್ನು ಕೇಳುವವರು ಸಾಮಾನ್ಯವಾಗಿ ರೇಟ್ ಇಳಿಸಲು ಬಂದಿರುತ್ತಾರೆ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಕಲರ್ ರೋಲ್‌ಗೆ ನೂರು ರೂಪಾಯಿ ಆಸುಪಾಸು. ತೊಳೆಸಿ, 36 ಪ್ರಿಂಟ್ ಹಾಕಿಸಿದರೆ ಮತ್ತೆ ನೂರೈವತ್ತರ ಮೇಲೆ. ಒಂದು ಮದುವೆಗೆ ಎಂಟು ರೋಲ್. ಮುನ್ನೂರರ ಹತ್ತಿರ ಫೋಟೋ. ಬಟನ್ ಒತ್ತುವ ಮುಂಚೆ ಕಿಸೆ ಮುಟ್ಟಿಕೊಳ್ಳುತ್ತಿದ್ದೆವು. ಕೆಲವು ಸಲ ಮಕ್ಕಳು ಕಾಟ ಕೊಟ್ಟರೆ ರೀಲು ಸರಿಸದೆ ಬರೀ ಫ್ಲ್ಯಾಶ್ ಹೊಡೆದು “ಆಯ್ತು ಹೋಗಿ” ಅಂದದ್ದೂ ಇದೆ.

ಈಗ ಒಂದು ಮದುವೆಗೆ ಮೂರು ಸಾವಿರ ಫೋಟೋ. ಒಂದು ರಾ ಫೈಲ್ (ಕ್ಯಾಮೆರಾದ ಕಚ್ಚಾ ಫೈಲ್) ಸುಮಾರು 30 ಎಂಬಿ, ಅಂದರೆ ಮದುವೆಯೊಂದಕ್ಕೆ 90 ಜಿಬಿ. ಅದನ್ನು ಎರಡು ಕಡೆ ಇಡಬೇಕು. ವರ್ಷಕ್ಕೆ ಮೂವತ್ತು ಮದುವೆ ಅಂದರೆ ನೀವೇ ಗುಣಿಸಿ. ಜೊತೆಗೆ ಕಂಪ್ಯೂಟರ್, ಯುಪಿಎಸ್, ಸಾಫ್ಟ್‌ವೇರ್ ಬಾಡಿಗೆ. ಮೂರು ಸಾವಿರದಲ್ಲಿ ಮುನ್ನೂರು ಆರಿಸುವುದಕ್ಕೆ ನನ್ನ ಎರಡು ರಾತ್ರಿ. ಆಗ ಫೋಟೋ ತೆಗೆಯಲು ದುಡ್ಡು ಬೇಕಿತ್ತು, ಈಗ ತೆಗೆದದ್ದನ್ನು ಇಟ್ಟುಕೊಳ್ಳಲು ಬೇಕು. ವ್ಯತ್ಯಾಸ ಏನೆಂದರೆ, ರೀಲಿನ ಖರ್ಚು ಗಿರಾಕಿಯ ಕಣ್ಣಿಗೆ ಕಾಣುತ್ತಿತ್ತು. ಹಾರ್ಡ್ ಡಿಸ್ಕಿನದು ಕಾಣುವುದಿಲ್ಲ.

ಹಾರ್ಡ್ ಡಿಸ್ಕ್ ಹೋಗಿತ್ತಂತೆ?

ಹೌದು, 2011ರಲ್ಲಿ. ಒಂದು ಸಂಜೆ ಟಿಕ್ ಟಿಕ್ ಅಂತ ಸದ್ದು ಮಾಡಿತು, ಹಲ್ಲಿ ಲೊಚಗುಟ್ಟಿದ ಹಾಗೆ. ಮರುದಿನ ಬೆಳಿಗ್ಗೆ ಕಂಪ್ಯೂಟರಿಗೆ ಅದು ಇದೆ ಅಂತಲೇ ಗೊತ್ತಾಗಲಿಲ್ಲ. ಅದರಲ್ಲಿ ನಾಲ್ಕು ಮದುವೆಯ ಮೂಲ ಫೈಲುಗಳಿದ್ದವು. ಮೂರರ ನಕಲು ಡಿವಿಡಿಯಲ್ಲಿತ್ತು. ನಾಲ್ಕನೆಯದರದ್ದು “ನಾಳೆ ಹಾಕಿದರಾಯಿತು” ಅಂತ ಬಿಟ್ಟಿದ್ದೆ. ಬೆಂಗಳೂರಿಗೆ ಕಳಿಸಿದರೂ ಏನೂ ಸಿಗಲಿಲ್ಲ.

ಆ ಮನೆಯವರಿಗೆ ಆಲ್ಬಮ್ ಕೊಟ್ಟಾಗಿತ್ತು, ಹಾಗಾಗಿ ಜಗಳ ಆಗಲಿಲ್ಲ. ಎರಡು ವರ್ಷದ ಮೇಲೆ ಅವರ ಅಜ್ಜಿ ತೀರಿಕೊಂಡರು. ಅಜ್ಜಿಯದ್ದು ಒಂದು ದೊಡ್ಡ ಫೋಟೋ ಮಾಡಿಕೊಡಿ ಅಂತ ಬಂದರು. ನನ್ನ ಹತ್ತಿರ ಫೈಲ್ ಇಲ್ಲ. ಕೊನೆಗೆ ಅವರದೇ ಆಲ್ಬಮ್ ತಂದು, ಅಜ್ಜಿ ಕುಂಕುಮದ ಬಟ್ಟಲು ಹಿಡಿದು ನಿಂತ ಪುಟವನ್ನು ಮ್ಯಾಕ್ರೋ ಲೆನ್ಸಿನಲ್ಲಿ ತೆಗೆದು, ತಿದ್ದಿ, ದೊಡ್ಡದು ಮಾಡಿ ಕೊಟ್ಟೆ. ಹತ್ತಿರ ಹೋಗಿ ನೋಡಿದರೆ ಪ್ರಿಂಟಿನ ಚುಕ್ಕಿ ಕಾಣುತ್ತದೆ. ಅವರು ದೂರದಿಂದ ನೋಡಿದರು.

ಅದೇ ಹೊತ್ತಿಗೆ ನನ್ನ ಟ್ರಂಕಿನಲ್ಲಿ 1988ರ ನೆಗೆಟಿವ್‌ಗಳು ಬಟರ್ ಪೇಪರಿನಲ್ಲಿ ಸುಮ್ನೆ ಮಲಗಿದ್ದವು. ಏನೂ ಆಗಿರಲಿಲ್ಲ.

ಈಗ ನನ್ನ ಕ್ರಮ: ಕ್ಯಾಮೆರಾದಲ್ಲಿ ಎರಡೂ ಕಾರ್ಡಿಗೆ ಒಟ್ಟಿಗೆ ಬರೆಯುತ್ತದೆ. ಮನೆಗೆ ಬಂದು ಕೈಕಾಲು ತೊಳೆಯುವ ಮುಂಚೆ ಎರಡು ಡಿಸ್ಕಿಗೆ ನಕಲು. ಒಂದು ಡಿಸ್ಕ್ ಸ್ಟುಡಿಯೋದಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ. ಆರಿಸಿದ ಫೋಟೋಗಳು ಕ್ಲೌಡ್‌ಗೂ ಹೋಗುತ್ತವೆ. ಆಲ್ಬಮ್ ಒಪ್ಪಿಸುವವರೆಗೆ ಕಾರ್ಡ್ ಅಳಿಸುವುದಿಲ್ಲ.

ಮಲೆನಾಡಿನ ತೇವಕ್ಕೆ ಲೆನ್ಸ್ ಹಾಳಾಗದಂತೆ ಏನು ಮಾಡುತ್ತೀರಿ?

ನಮ್ಮ ಕಡೆ ಲೆನ್ಸಿಗೆ ಕಳ್ಳರಿಗಿಂತ ಬೂಷ್ಟಿನ ಕಾಟವೇ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲಿನ ಹಿಂದೆ ತೂಗುಹಾಕಿದ ಬೆಲ್ಟ್‌ಗೂ ಹಸಿರು ಬೂಷ್ಟು ಬರುತ್ತದೆ, ಇನ್ನು ಗಾಜು ಬಿಟ್ಟೀತೇ? ಲೆನ್ಸಿನೊಳಗೆ ಜೇಡನ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಹಾಗೇ ಬಿಟ್ಟರೆ ಗಾಜಿನ ಮೇಲಿನ ಕೋಟಿಂಗ್ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ.

ಅಂಗಡಿಯಲ್ಲಿ ಡ್ರೈ ಕ್ಯಾಬಿನೆಟ್ ಸಿಗುತ್ತದೆ, ದುಡ್ಡಿದ್ದರೆ ತಗೊಳ್ಳಿ. ತೇವಾಂಶ 40ರಿಂದ 50 ಪರ್ಸೆಂಟ್ ಇರುವಂತೆ ಇಡಿ. ತೀರಾ ಒಣಗಿಸುವುದೂ ಒಳ್ಳೆಯದಲ್ಲ. ನಾನು ಹದಿನೈದು ವರ್ಷ ಬಳಸಿದ್ದು ರಬ್ಬರ್ ಅಂಚಿನ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಒಂದು ಸಣ್ಣ ಮೀಟರ್. ಜೆಲ್ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕುವುದು. ಆ ಬಾಣಲೆ ಬೇರೆಯೇ ಇರಲಿ, ಅಡುಗೆಯದು ಬೇಡ.

ಅಕ್ಕಿಯಲ್ಲಿ ಹುಗಿದಿಡಬೇಡಿ, ಹಿಟ್ಟಿನಂಥ ಧೂಳು ಸಂದಿಗೆ ಹೋಗುತ್ತದೆ. ಲೆನ್ಸ್ ಜೊತೆ ಬಂದ ಚೆಂದದ ಚರ್ಮದ ಕೇಸಿನಲ್ಲಂತೂ ಬೇಡವೇ ಬೇಡ. ಚರ್ಮ ನೀರು ಕುಡಿದು ಕೂರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಔಷಧಿ ಬಳಕೆ. ವಾರಕ್ಕೊಮ್ಮೆ ಹೊರಗೆ ತಂದು ಗಾಳಿ ಬೆಳಕು ಕಾಣಿಸಿ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಮಳೆಯ ಆಗುಂಬೆಗೆ ಹೋಗಿ ಬಂದ ದಿನವಂತೂ ಚೀಲವನ್ನು ಮುಚ್ಚಿ ಇಡಲೇಬೇಡಿ.

ಡಾರ್ಕ್ ರೂಂ ಈಗಲೂ ಇದೆಯಾ?

ಇದೆ. ಹಾಗಂತ ಅಲ್ಲಿ ಈಗ ಅಡಿಕೆ ಚೀಲವೂ ಇದೆ.

ಆಗ ಬಚ್ಚಲಮನೆಯೇ ಡಾರ್ಕ್ ರೂಂ. ಪ್ರಿಂಟ್ ಹಾಕಲು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಪೇಪರ್, ಫಿಲ್ಮ್ ತೊಳೆಯಲು ಡಿ-76 ಅನ್ನುವ ಡೆವಲಪರ್, ಕೊನೆಗೆ ಚಿತ್ರ ಗಟ್ಟಿ ನಿಲ್ಲಿಸಲು ಹೈಪೋ. ಡೆವಲಪರ್ 20 ಡಿಗ್ರಿ ಇರಬೇಕು ಅಂತ ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಬಾವಿ ನೀರೇ 26, 27. ಹಿಂದಿನ ದಿನವೇ ಮಣ್ಣಿನ ಹೂಜಿಯಲ್ಲಿ ನೀರು ತುಂಬಿ ಕಿಟಕಿಯಲ್ಲಿಟ್ಟು, ಆ ನೀರಿನ ಬೋಗುಣಿಯೊಳಗೆ ಡೆವಲಪರ್ ಬಾಟಲಿ ಇಡುತ್ತಿದ್ದೆ. ಮಳೆಗಾಲದಲ್ಲಿ ಆ ತೊಂದರೆ ಇಲ್ಲ, ಆದರೆ ಕರೆಂಟ್ ಇಲ್ಲ. ಎನ್ಲಾರ್ಜರ್ ಸುಮ್ಮನೆ ಕೊಕ್ಕರೆಯ ಹಾಗೆ ನಿಂತಿರುತ್ತಿತ್ತು. ಟ್ರೇಯಲ್ಲಿ ಖಾಲಿ ಬಿಳಿ ಪೇಪರ್ ಮೇಲೆ ಮೊದಲು ಕಣ್ಣು, ಮೀಸೆ, ಆಮೇಲೆ ಮುಖ ಮೂಡುವುದನ್ನು ಕೆಂಪು ಬಲ್ಬಿನಲ್ಲಿ ನೋಡಿದವರಿಗೆ ಆ ಹುಚ್ಚು ಬಿಡುವುದಿಲ್ಲ. ವರ್ಷಕ್ಕೆ ಎರಡು ಸಲ ಅಡಿಕೆ ಚೀಲ ಸರಿಸುತ್ತೇನೆ.

ಮನೆಯಲ್ಲಿ ಹಳೇ ನೆಗೆಟಿವ್ ರಾಶಿ ಇದೆ. ಏನು ಮಾಡಲಿ?

ಮೊದಲು ಎಸೆಯಬೇಡಿ. “ಫೋಟೋ ಇದೆಯಲ್ಲ, ಇದ್ಯಾಕೆ” ಅಂತ ಎಸೆದವರೇ ಜಾಸ್ತಿ. ಕಲರ್ ಪ್ರಿಂಟ್ ಬಣ್ಣ ಬಿಡುತ್ತದೆ. ಕಪ್ಪು ಬಿಳುಪಿನ ನೆಗೆಟಿವ್ ಸರಿಯಾಗಿ ತೊಳೆದದ್ದಾದರೆ ಇನ್ನೂ ಬಹಳ ಕಾಲ ಇರುತ್ತದೆ. ಡಬ್ಬಿ ತೆರೆದಾಗ ವಿನೆಗರ್ ಹುಳಿ ವಾಸನೆ ಬಂದರೆ ಮಾತ್ರ ಅವಸರ ಮಾಡಿ. ಫಿಲ್ಮ್‌ನ ಅಸಿಟೇಟ್ ಕೆಡಲು ಶುರುವಾಗಿದೆ ಅಂತ ಅರ್ಥ. ಅಂಥವನ್ನು ಬೇರೆಯವುಗಳಿಂದ ದೂರ ಇಡಿ.

ಸ್ಕ್ಯಾನರ್ ಇಲ್ಲದಿದ್ದರೂ ಚಿಂತೆಯಿಲ್ಲ. ನಾನು ಸ್ಕ್ಯಾನ್ ಮಾಡುವುದು ಕ್ಯಾಮೆರಾದಲ್ಲೇ. ಕೆಳಗೆ ಎಲ್ಇಡಿ ಲೈಟ್ ಪ್ಯಾಡ್, ಅದರ ಮೇಲೆ ನೆಗೆಟಿವ್, ಮೇಲೆ ಸ್ಟ್ಯಾಂಡಿಗೆ ಕಟ್ಟಿದ ಕ್ಯಾಮೆರಾ, 60 ಎಂಎಂ ಮ್ಯಾಕ್ರೋ, ಎಫ್ 8, ಟೈಮರ್. ಕ್ಯಾಮೆರಾ ಮತ್ತು ನೆಗೆಟಿವ್ ಸಮ ಇದೆಯಾ ನೋಡಲು ಲೈಟ್ ಪ್ಯಾಡ್ ಮೇಲೆ ಸಣ್ಣ ಕನ್ನಡಿ ಇಡಿ. ಕ್ಯಾಮೆರಾದಲ್ಲಿ ನೋಡಿದಾಗ ಫ್ರೇಮಿನ ನಟ್ಟನಡುವೆ ಲೆನ್ಸೇ ಕಂಡರೆ ಸಮ ಇದೆ. ಕಲರ್ ನೆಗೆಟಿವ್‌ನ ಕಿತ್ತಳೆ ಬಣ್ಣ ತೆಗೆಯುವುದೇ ತಲೆನೋವು, ಅದಕ್ಕೆ ಈಗ ಸಾಫ್ಟ್‌ವೇರ್ ಇದೆ. ಧೂಳಿಗೆ ಸಾಫ್ಟ್‌ವೇರ್ ನಂಬಬೇಡಿ. ರಬ್ಬರ್ ಬ್ಲೋವರ್‌ನಲ್ಲಿ ಊದಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ.

ಎಷ್ಟು ಮೆಗಾಪಿಕ್ಸೆಲ್ ಬೇಕು?

1975ರಲ್ಲಿ ಕೋಡಾಕ್‌ನ ಸ್ಟೀವ್ ಸ್ಯಾಸನ್ ಮಾಡಿದ ಡಿಜಿಟಲ್ ಕ್ಯಾಮೆರಾದಲ್ಲಿ 0.01 ಮೆಗಾಪಿಕ್ಸೆಲ್ ಇತ್ತು. 3.6 ಕೆಜಿ ತೂಕ, ಒಂದು ಫೋಟೋ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್. ನಿಮ್ಮ ಫೋನಿನಲ್ಲಿ ಅದಕ್ಕಿಂತ ಜಾಸ್ತಿ ಇದೆ, ಸಾಕು. ನನ್ನ 6 ಮೆಗಾಪಿಕ್ಸೆಲ್ ಡಿ70ಯ ಒಂದು ಫೋಟೋ 16 ಇಂಚು 20 ಇಂಚಿನಲ್ಲಿ ಒಬ್ಬರ ಜಗುಲಿಯಲ್ಲಿ ತೂಗುತ್ತಿದೆ.

ಯಾರ ಫೋಟೋ ನೋಡಿ ಕಲಿತಿರಿ?

ಮೈಸೂರಿನ ಟಿ.ಎಸ್. ಸತ್ಯನ್ ಅವರದು. ಸಾಮಾನ್ಯ ಜನ ಸಾಮಾನ್ಯ ಕೆಲಸ ಮಾಡುತ್ತಿರುವುದನ್ನು ಅಷ್ಟು ಅಕ್ಕರೆಯಿಂದ ನೋಡಿದವರು ಕಮ್ಮಿ. ಕಾಡಿನ ಕಪ್ಪು ಬಿಳುಪು ಫೋಟೋಗೆ ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್. ಅವರು ಯಾವ ಲೆನ್ಸ್ ಬಳಸಿದರು ಅಂತ ಹುಡುಕುವ ಮುಂಚೆ ಅವರು ಎಲ್ಲಿ ನಿಂತಿದ್ದರು ಅಂತ ನೋಡಿ.

ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಕ್ಕೆ ಯಾವಾಗ?

ಈಗಿನ ಬಾಡಿಗಳು ಸತ್ತ ಮೇಲೆ. ಒಂದು ಆಸೆ ಇದೆ: ಸದ್ದಿಲ್ಲದ ಶಟರ್. ತಾಳಮದ್ದಲೆಯಲ್ಲಿ ಅರ್ಥಧಾರಿ ಮಾತು ನಿಲ್ಲಿಸಿ ಉಸಿರೆಳೆಯುವ ಹೊತ್ತಿಗೆ ನನ್ನ ಡಿ750 ‘ಟಪ್’ ಅಂದರೆ ನನಗೇ ನಾಚಿಕೆ. ಆದರೆ ಗೆಳೆಯನದು ತಂದು ನೋಡಿದೆ. ಎಲ್ಇಡಿ ಬೆಳಕಿನಲ್ಲಿ ಆ ಸದ್ದಿಲ್ಲದ ಶಟರ್‌ಗೆ ಫೋಟೋ ತುಂಬ ಅಡ್ಡ ಪಟ್ಟಿ ಬಂತು. ನಮ್ಮ ಸಭಾಭವನಗಳಲ್ಲಿ ಈಗ ಎಲ್ಲೆಲ್ಲೂ ಎಲ್ಇಡಿ.

ಈಗ ಫಿಲ್ಮ್ ಕಲಿಯಬೇಕಾ?

ಕಲಿಯಲೇಬೇಕು ಅಂತೇನಿಲ್ಲ. ಒಂದು ರೋಲ್ ಸಾವಿರ ರೂಪಾಯಿ ಆಸುಪಾಸು ಆಗಿದೆ, ತೊಳೆಯಲು ಕೊರಿಯರ್‌ನಲ್ಲಿ ದೊಡ್ಡ ಊರಿಗೆ ಕಳಿಸಬೇಕು. ಆಸೆ ಇದ್ದರೆ ಕಪ್ಪು ಬಿಳುಪಿನಿಂದ ಶುರು ಮಾಡಿ, ಮನೆಯಲ್ಲೇ ತೊಳೆಯಬಹುದು. ಅಟ್ಟದಲ್ಲಿ ಏನಿದೆ ನೋಡಿ. ಯಾಶಿಕಾ ಎಂಎಫ್-2, ಕೋಡಾಕ್ ಕೆಬಿ 10 ಸಿಕ್ಕರೆ ಅವು 35 ಎಂಎಂ ರೀಲಿನವು, ಈಗಲೂ ನಡೆಯುತ್ತವೆ. ಅಗ್ಫಾ ಕ್ಲಿಕ್ ಇದ್ದರೂ 120 ರೀಲು ಸಿಗುತ್ತದೆ. “ಇದಕ್ಕೆ ಲಕ್ಷ ರೂಪಾಯಿ ಬರುತ್ತಂತೆ” ಅಂತ ಫೋನ್ ಮಾಡುವವರಿಗೆ: ಬರುವುದಿಲ್ಲ.

ನಿಮ್ಮ ಎಫ್‌ಎಂ2 ಮಾರುತ್ತೀರಾ?

ಒಳಗೆ ರೀಲಿದೆ. ದೀಪಾವಳಿಗೆ ಹಾಕಿದ್ದು, 23ಕ್ಕೆ ನಿಂತಿದೆ. ಮುಗಿಯಲಿ, ನೋಡೋಣ ಅಂತ ಎಲ್ಲರಿಗೂ ಹೇಳುತ್ತೇನೆ. ಮುಗಿದ ದಿನವೇ ಇನ್ನೊಂದು ಹಾಕುತ್ತೇನೆ.